ಕೈಕೆಲಸ ಪ್ಯಾಕೆಟ್‌ನದ್ದು, ಮಸಾಲೆ ನಮ್ಮದು: ಫ್ರೋಜನ್ ಸಾಮಾನಿನಿಂದ ಮನೆಯಡುಗೆ ಹೇಗೆ?

ತುಮಕೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸಾಗುವವರು ಬಹಳ ಜನ. ಒಂದು ಕಡೆಗೆ ಸುಮಾರು 70 ಕಿಲೋಮೀಟರ್. ಮನೆ ಬಾಗಿಲು ತೆಗೆಯುವಾಗ ಎಂಟು ಗಂಟೆ. ಆಮೇಲೆ ಅವರೆಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದೇ ಹಿದುಕಿ ಸಾರು ಮಾಡಿ ಅಂದರೆ ಯಾರ ಕೈಲಾಗುತ್ತದೆ? ಹಾಗಾಗಿಯೇ ದೊಡ್ಡ ಸೂಪರ್ ಮಾರ್ಕೆಟ್ ಮಾತ್ರವಲ್ಲ, ಬಡಾವಣೆಯ ಸಣ್ಣ ಅಂಗಡಿಯಲ್ಲೂ ಈಗ ಫ್ರೀಜರ್ ಪೆಟ್ಟಿಗೆ ಬಂದು ಕೂತಿದೆ.

ಅದರೊಳಗೆ ಬಟಾಣಿಯೂ ಇದೆ, ಪರೋಟಾವೂ ಇದೆ, ಇಡ್ಲಿಯೂ ಇದೆ. ಎಲ್ಲವನ್ನೂ ತರಬೇಕಿಲ್ಲ. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪದಾರ್ಥದಲ್ಲಿ ಕಷ್ಟ ಇರುವುದು ಸುಲಿಯುವ, ಬಿಡಿಸುವ, ಹೆಚ್ಚುವ ಕೆಲಸದಲ್ಲಾ ಅಥವಾ ರುಚಿ ಕೂಡಿಸುವುದರಲ್ಲಾ? ಬರೀ ಕೈಕೆಲಸ ಆಗಿದ್ದರೆ ಪ್ಯಾಕೆಟ್ ತನ್ನಿ. ರುಚಿಯೇ ಮುಖ್ಯವಾದರೆ ಬಿಡಿ. ಬಟಾಣಿ, ಸ್ವೀಟ್ ಕಾರ್ನ್, ಹಿದುಕಿದ ಅವರೆಬೇಳೆ, ಹೆಚ್ಚಿದ ಕ್ಯಾರೆಟ್-ಬೀನ್ಸ್ ಮಿಶ್ರಣ, ಇವು ಧಾರಾಳವಾಗಿ ಬರಲಿ. ರೆಡಿ ಗ್ರೇವಿ, ರೆಡಿ ಪಲ್ಯ ಅಂಗಡಿಯಲ್ಲೇ ಇರಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಷ್ಟು ಹತ್ತಿರ ಇಟ್ಟುಕೊಂಡು ಫ್ರೋಜನ್ ಇಡ್ಲಿ ಕೊಳ್ಳುವವರಿಗೆ ನಾನಂತೂ ಏನೂ ಹೇಳಲಾರೆ. ತೆಂಗಿನ ತುರಿ ಪ್ಯಾಕೆಟ್ ಕೂಡ ಅಷ್ಟೇ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದೆ. ಭಾನುವಾರ ಎರಡು ಕಾಯಿ ತುರಿದು ಸಣ್ಣ ಡಬ್ಬಿಗಳಿಗೆ ಹಾಕಿ ಫ್ರೀಜರ್‌ಗೆ ತಳ್ಳಿದರೆ ವಾರದ ಕೆಲಸ ಮುಗಿಯಿತು.

ಅಂಗಡಿಯಲ್ಲಿ ನೋಡಬೇಕಾದದ್ದು

ಪ್ಯಾಕೆಟ್ ಎತ್ತಿ ಅಲ್ಲಾಡಿಸಿ. ಬಟಾಣಿ ಗಲಗಲ ಅನ್ನಬೇಕು. ಕಾರ್ಖಾನೆಯಲ್ಲಿ ಪ್ರತಿ ಕಾಳನ್ನೂ ಬಿಡಿಬಿಡಿಯಾಗಿ, ತುಂಬಾ ವೇಗವಾಗಿ ಹೆಪ್ಪುಗಟ್ಟಿಸುತ್ತಾರೆ. ವೇಗ ಜಾಸ್ತಿ ಇದ್ದಷ್ಟೂ ಒಳಗಿನ ನೀರಿನ ಹರಳು ಸಣ್ಣದಾಗುತ್ತದೆ, ಕಾಳು ಹಾಳಾಗುವುದಿಲ್ಲ. ಪ್ಯಾಕೆಟ್ ಇಟ್ಟಿಗೆಯ ಥರ ಗಟ್ಟಿ ಮುದ್ದೆಯಾಗಿದ್ದರೆ, ಅದು ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಈ ಎರಡನೇ ಸಲ ನಿಧಾನಕ್ಕೆ ಗಟ್ಟಿಯಾಗುವಾಗ ದೊಡ್ಡ ಹರಳು ಕಟ್ಟಿ ಕಾಳಿನ ಒಳಗನ್ನೇ ಹರಿದು ಹಾಕುತ್ತದೆ. ಬೇಯಿಸಿದರೆ ಪಿಚಪಿಚ. ಕವರಿನೊಳಗೆ ಬಿಳಿ ಹಿಮ ದಪ್ಪಗೆ ಕೂತಿದ್ದರೂ ಅದೇ ಕಥೆ, ವಾಪಸ್ಸಿಡಿ.

ಹಿಂಬದಿಯ ಸಣ್ಣ ಅಕ್ಷರ ಓದಿ. ತರಕಾರಿ ಪ್ಯಾಕೆಟ್‌ನಲ್ಲಿ ತರಕಾರಿ ಬಿಟ್ಟು ಬೇರೇನೂ ಇರಬೇಕಿಲ್ಲ. ನಗೆಟ್ಸ್, ಕಟ್ಲೆಟ್, ಪರೋಟಾ ಆದರೆ ಸೋಡಿಯಂ ಎಷ್ಟು ಎಂದು ನೋಡಿ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂನಲ್ಲಿ 500 ಮಿಲಿಗ್ರಾಂ ಸೋಡಿಯಂ ಅಂದರೆ ಒಂದೂಕಾಲು ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಒಳಗೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಡಬ್ಬಿಗೆ ದಿನಾ ನಗೆಟ್ಸ್ ಹಾಕುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ಇನ್ನು ಸಾಗಿಸುವುದು. ಬೆಂಗಳೂರಿನಲ್ಲಿ ಆಫರ್ ಇದೆ ಎಂದು ಅಲ್ಲೇ ಕೊಂಡು ರೈಲಿನಲ್ಲಿ ತರಬೇಡಿ. ಊರಿಗೆ ಬಂದ ಮೇಲೆ, ಎಲ್ಲ ಸಾಮಾನು ಮುಗಿಸಿ ಕೊನೆಗೆ ಫ್ರೀಜರ್ ಪೆಟ್ಟಿಗೆ ಹತ್ತಿರ ಹೋಗಿ. ಪ್ಯಾಕೆಟ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ, ನಾಲ್ಕು ಪದರ ಪೇಪರ್ ಸುತ್ತಿ ಬಟ್ಟೆ ಚೀಲಕ್ಕೆ ಹಾಕಿದರೆ ಅರ್ಧ ಗಂಟೆಗೆ ತೊಂದರೆ ಇಲ್ಲ.

ನಮ್ಮ ಮನೆಯ ಫ್ರೀಜರ್ ಎಷ್ಟು ತಣ್ಣಗಿದೆ?

ಪ್ಯಾಕೆಟ್ ಮೇಲೆ ಮೈನಸ್ 18 ಡಿಗ್ರಿಯಲ್ಲಿಡಿ ಎಂದು ಬರೆದಿರುತ್ತಾರೆ. ಎರಡು ಬಾಗಿಲಿನ ಫ್ರಿಜ್ ಆದರೆ ಸಾಮಾನ್ಯವಾಗಿ ಅಷ್ಟು ಸಿಗುತ್ತದೆ. ಒಂದೇ ಬಾಗಿಲಿನ ಫ್ರಿಜ್‌ನ ಮೇಲಿನ ಪುಟ್ಟ ಗೂಡಿನಲ್ಲಿ ಅಷ್ಟು ಚಳಿ ಇರುವುದು ಅಪರೂಪ. ಐದು ಸ್ಟಾರ್ ಇದೆಯಲ್ಲ ಅನ್ನಬೇಡಿ, ಆ ಸ್ಟಾರ್ ಕರೆಂಟ್ ಉಳಿತಾಯದ್ದು, ಚಳಿಯದ್ದಲ್ಲ. ಇಂಥ ಗೂಡಿನಲ್ಲಿಟ್ಟ ಪ್ಯಾಕೆಟ್‌ಗೆ ಕವರಿನ ಮೇಲಿನ ಕೊನೆಯ ದಿನಾಂಕ ಅನ್ವಯಿಸುವುದಿಲ್ಲ. ಒಂದೆರಡು ವಾರಕ್ಕೆ ಎಷ್ಟು ಬೇಕೋ ಅಷ್ಟೇ ತನ್ನಿ. ಗೂಡಿನ ಗೋಡೆಗೆ ಐಸ್ ದಪ್ಪ ಕಟ್ಟಲು ಬಿಡಬೇಡಿ, ತಣ್ಣಗಾಗುವುದು ಕಡಿಮೆಯಾಗುತ್ತದೆ.

ಕರೆಂಟ್ ಹೋದಾಗ ಮಾಡಬೇಕಾದ ಕೆಲಸ ಒಂದೇ: ಬಾಗಿಲು ತೆಗೆಯದೆ ಸುಮ್ನೆ ಇರುವುದು. ತುಂಬಿದ ಒಳ್ಳೆ ಫ್ರೀಜರ್ ಮುಚ್ಚೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ಹಿಡಿದಿಟ್ಟುಕೊಳ್ಳುತ್ತದೆ. ಪುಟ್ಟ ಗೂಡಿಗೆ ಅಷ್ಟು ತಾಳಿಕೆ ಇಲ್ಲ. ಹಬ್ಬಕ್ಕೋ ಜಾತ್ರೆಗೋ ನಾಲ್ಕು ದಿನ ಹಳ್ಳಿಗೆ ಹೋಗುವ ಮುಂಚೆ ಒಂದು ಲೋಟ ನೀರನ್ನು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ಸು ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ನಡುವೆ ಎಲ್ಲವೂ ಕರಗಿತ್ತು ಎಂದು ಲೆಕ್ಕ. ಚಳಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೆ. ಬೆಚ್ಚಗಾದ ಕೂಡಲೇ ಮತ್ತೆ ಶುರು. ಎಷ್ಟು ಹೊತ್ತು ಬೆಚ್ಚಗಿತ್ತೋ ಗೊತ್ತಿಲ್ಲದ್ದನ್ನು, ಅದರಲ್ಲೂ ಕೋಳಿ, ಮೀನು ಇದ್ದರೆ, ಹೊಟ್ಟೆ ಉರಿದರೂ ಬಿಸಾಕಿ.

ಕರಗಿಸಬೇಕಾ, ಬೇಡವಾ?

ಇಲ್ಲೇ ಹೆಚ್ಚಿನ ಅಡುಗೆ ಕೆಡುವುದು. ಬಟಾಣಿ, ಕಾರ್ನ್, ತರಕಾರಿ ಮಿಶ್ರಣ ಯಾವುದನ್ನೂ ಕರಗಿಸಬೇಡಿ. ಗಟ್ಟಿ ಇರುವಾಗಲೇ ನೇರವಾಗಿ ಪಾತ್ರೆಗೆ ಹಾಕಿ. ಇವನ್ನು ಹೆಪ್ಪುಗಟ್ಟಿಸುವ ಮುಂಚೆಯೇ ಕುದಿನೀರಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು ತೆಗೆದಿರುತ್ತಾರೆ. ಹಾಗೆ ಮಾಡದಿದ್ದರೆ ಕಾಳಿನಲ್ಲಿರುವ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಬಣ್ಣ, ರುಚಿ ಕೆಡಿಸುತ್ತವೆ. ಅಂದರೆ ನಿಮ್ಮ ಕೈಗೆ ಬರುವಾಗ ಅದು ಅರ್ಧ ಬೆಂದದ್ದೇ. ಹಸಿ ಬಟಾಣಿ ಲೆಕ್ಕದಲ್ಲಿ ಮೂರು ಸೀಟಿ ಹೊಡೆಸಿದರೆ ಗಂಜಿಯಾಗದೆ ಇನ್ನೇನಾಗುತ್ತದೆ? ಬೇರೆಲ್ಲ ಬೆಂದ ಮೇಲೆ ಕೊನೆಯ ನಾಲ್ಕೈದು ನಿಮಿಷಕ್ಕೆ ಹಾಕಿ, ಸಾಕು.

ಪಲ್ಯ ಮಾಡುವಾಗ ಇವು ನೀರು ಬಿಡುತ್ತವೆ. ಅಗಲವಾದ ಬಾಣಲೆ, ದೊಡ್ಡ ಉರಿ, ಮುಚ್ಚಳ ಬೇಡ. ಉಪ್ಪು ಕೊನೆಗೆ.

ತೆಂಗಿನ ತುರಿಯದ್ದು ಬೇರೆ ನಿಯಮ. ಕಾಯಿಯಲ್ಲಿರುವ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಫ್ರೀಜರ್‌ನಿಂದ ತೆಗೆದ ತುರಿಯನ್ನು ತಣ್ಣೀರು ಹಾಕಿ ರುಬ್ಬಿದರೆ ಬೆಣ್ಣೆಯಂಥ ಚೂರುಗಳು ತೇಲುತ್ತವೆ, ಚಟ್ನಿ ಒಡೆದಂತೆ ಕಾಣುತ್ತದೆ. ಹತ್ತು ನಿಮಿಷ ಹೊರಗಿಟ್ಟು, ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ. ಪನೀರ್ ಗಟ್ಟಿಯಾಗಿ ರಬ್ಬರ್ ಅನಿಸಿದರೆ, ಉಪ್ಪು ಹಾಕಿದ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಯಲಿ. ಹಸಿ ಕೋಳಿ ಕರಗಬೇಕಾದ ಜಾಗ ಫ್ರಿಜ್‌ನ ಕೆಳಗಿನ ಶೆಲ್ಫ್, ಅದೂ ಬಟ್ಟಲಿನಲ್ಲಿಟ್ಟು. ಹಿಂದಿನ ರಾತ್ರಿಯೇ ಇಡಿ, ಸಿಂಕ್ ಪಕ್ಕ ಇಡಬೇಡಿ.

ಹಿದುಕಿದ ಬೇಳೆ ಸಾರು, ಮುಕ್ಕಾಲು ಗಂಟೆಯಲ್ಲಿ

ನಾಲ್ಕು ಜನಕ್ಕೆ ಎರಡು ಲೋಟ ಬೇಳೆ. ಮೊದಲು ಒಂದು ಒಲೆಯ ಮೇಲೆ ನಾಲ್ಕು ಲೋಟ ನೀರು ಕುದಿಯಲು ಇಡಿ. ಕುದಿ ಬಂದ ಮೇಲೆ ಬೇಳೆಯನ್ನು ಹಾಗೇ, ಕರಗಿಸದೆ ಸುರಿಯಿರಿ. ಕುದಿ ಒಮ್ಮೆ ನಿಂತು ಮತ್ತೆ ಬರುತ್ತದೆ. ಮೇಲೆ ಬರುವ ನೊರೆ ತೆಗೆಯಿರಿ. ಕುಕ್ಕರ್ ಬೇಡ. ಬೇಳೆ ಇಡಿಯಾಗಿ ಬೇಯಬೇಕು, ಬೆರಳಲ್ಲಿ ಒತ್ತಿದರೆ ಮಾತ್ರ ಮೆದುವಾಗಬೇಕು. ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ.

ಅಷ್ಟರಲ್ಲಿ ಇನ್ನೊಂದು ಒಲೆಯಲ್ಲಿ ಸ್ವಲ್ಪ ಎಣ್ಣೆಗೆ ಒಂದು ದೊಡ್ಡ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಚಿಕ್ಕ ತುಂಡು ಚೆಕ್ಕೆ, ಮೂರು ಲವಂಗ ಹಾಕಿ ಹುರಿಯಿರಿ. ಈರುಳ್ಳಿ ಅಂಚು ಕೆಂಪಾಗುವವರೆಗೂ ಹುರಿಯುವುದನ್ನು ನಿಲ್ಲಿಸಬೇಡಿ, ಅಲ್ಲಿ ಅವಸರ ಮಾಡಿದರೆ ಸಾರು ಹಸಿ ಹಸಿ ಅನ್ನುತ್ತದೆ. ಒಂದು ಟೊಮೆಟೊ ಹಾಕಿ ಮೆತ್ತಗಾಗಲಿ. ಒಲೆ ಆರಿಸಿ ಎರಡು ಚಮಚ ಧನಿಯಾ ಪುಡಿ, ಖಾರಕ್ಕೆ ತಕ್ಕಷ್ಟು ಮೆಣಸಿನ ಪುಡಿ, ಚಿಟಿಕೆ ಅರಿಶಿನ ಬೆರೆಸಿ. ಆರಿದ ಮೇಲೆ ಅರ್ಧ ಲೋಟ ಕಾಯಿತುರಿ, ಒಂದು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೇರಿಸಿ ನುಣ್ಣಗೆ ರುಬ್ಬಿ.

ಮಸಾಲೆಯನ್ನು ಬೇಳೆಗೆ ಹಾಕಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಖಾಲಿಯಾದ ಒಲೆಗೆ ಮುದ್ದೆ ಎಸರು ಹೋಗಲಿ. ಕೊನೆಗೆ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ.

ಒಂದು ಮಾತು ಒಪ್ಪಬೇಕು. ಚಳಿಗಾಲದ ತಾಜಾ ಅವರೆಯ ಸೊಗಡು ಫ್ರೀಜರ್‌ನಲ್ಲಿ ಸ್ವಲ್ಪ ಕಮ್ಮಿಯಾಗುತ್ತದೆ. ಮಸಾಲೆ ಜಾಸ್ತಿ ಮಾಡಿ ಅದನ್ನು ತುಂಬಲು ಆಗುವುದಿಲ್ಲ. ಒಂದು ಸಣ್ಣ ಕಟ್ಟು ಸಬ್ಬಸಿಗೆ ಸೊಪ್ಪು ಹೆಚ್ಚಿ ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಪರಿಮಳ ಬೇರೆ ದಾರಿಯಲ್ಲಿ ಬರುತ್ತದೆ.

ಪರೋಟಾ ಮತ್ತು ಕರಿದದ್ದು

ಫ್ರೋಜನ್ ಪರೋಟಾವನ್ನು ಮೇಜಿನ ಮೇಲೆ ಬಿಟ್ಟರೆ ಪದರಗಳು ಅಂಟಿಕೊಂಡು ಹಿಟ್ಟಿನ ಉಂಡೆಯಾಗುತ್ತದೆ. ನೇರ ತವಾಕ್ಕೆ ಹಾಕಿ, ಮಧ್ಯಮ ಉರಿ. ಹಿಟ್ಟಿನಲ್ಲೇ ಎಣ್ಣೆ ಇರುವುದರಿಂದ ಮೇಲೆ ಬೇರೆ ಬೇಡ. ಎರಡೂ ಕಡೆ ಕೆಂಪು ಚುಕ್ಕೆ ಬಂದ ಮೇಲೆ ಬಟ್ಟೆಯಲ್ಲಿ ಹಿಡಿದು ಎರಡೂ ಕಡೆಯಿಂದ ಒಮ್ಮೆ ಒತ್ತಿ ಕುಟ್ಟಿ, ಪದರ ಬಿಚ್ಚುತ್ತದೆ. ಜೊತೆಗೆ ಸಾಗು ಮಾಡುವುದಾದರೆ ಆಲೂಗಡ್ಡೆ ಮಾತ್ರ ತಾಜಾ ಬೇಯಿಸಿಕೊಳ್ಳಿ. ಕಾಯಿ, ಹಸಿಮೆಣಸು, ಹುರಿಗಡಲೆ, ಗಸಗಸೆ, ಕೊತ್ತಂಬರಿ ರುಬ್ಬಿ ಕುದಿಸಿ, ತರಕಾರಿ ಮಿಶ್ರಣವನ್ನು ಆಮೇಲೆ ಸೇರಿಸಿ.

ಕರಿಯುವ ಪದಾರ್ಥವನ್ನೂ ಕರಗಿಸಬಾರದು. ಕರಗಿದರೆ ಹೊರಗಿನ ಪುಡಿ ನೆನೆದು ಎಣ್ಣೆ ಕುಡಿಯುತ್ತದೆ. ಮೇಲೆ ಅಂಟಿದ ಐಸ್ ಚೂರನ್ನು ಒದರಿ, ಇಲ್ಲದಿದ್ದರೆ ಎಣ್ಣೆ ಸಿಡಿದು ಕೈ ಸುಡುತ್ತದೆ. ಬಾಣಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬೇಡ. ಎಣ್ಣೆ 175ರಿಂದ 180 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದವರು ಬ್ರೆಡ್ ಚೂರು ಹಾಕಿ ನೋಡಿ, ಒಂದು ನಿಮಿಷದೊಳಗೆ ಹೊಂಬಣ್ಣ ಬಂದರೆ ಸರಿಯಾಗಿದೆ. ಒಂದು ಸಲಕ್ಕೆ ಐದಾರೇ ಹಾಕಿ. ಇಡೀ ಪ್ಯಾಕೆಟ್ ಸುರಿದರೆ ಎಣ್ಣೆ ತಣ್ಣಗಾಗುತ್ತದೆ. ಒಂದನ್ನು ಮುರಿದು ನೋಡಿ, ನಡುವಿನಿಂದ ಹಬೆ ಬರಬೇಕು.

ಇನ್ನೊಂದು ಕಡೆ ಪ್ಯಾಕೆಟ್ ಬಟಾಣಿ ಖಂಡಿತ ಕೈಕೊಡುತ್ತದೆ, ಅದು ಮಸಾಲೆ ಪುರಿ. ಎಳೆ ಬಟಾಣಿಯಲ್ಲಿ ಸಿಹಿ ಇದೆ, ಗಟ್ಟಿ ಕೊಡುವ ಹಿಟ್ಟಿನಂಶ ಕಮ್ಮಿ. ರಸ ತೆಳ್ಳಗೆ, ಸಿಹಿಯಾಗಿ ಕೂರುತ್ತದೆ. ರಾತ್ರಿ ನೆನೆಸಿದ ಒಣ ಬಟಾಣಿಯೇ ಬೇಕು.

ನಮ್ಮದೇ ಪ್ಯಾಕೆಟ್

ಡಿಸೆಂಬರ್, ಜನವರಿಯಲ್ಲಿ ಅಂತರಸನಹಳ್ಳಿ ಮಾರುಕಟ್ಟೆಗೆ ಅವರೆಕಾಯಿ ರಾಶಿ ಬಂದಾಗ ಬೆಲೆ ಇಳಿಯುತ್ತದೆ. ಆಗ ಮನೆಯವರೆಲ್ಲ ಟಿವಿ ಮುಂದೆ ಕೂತು ಹಿದುಕಿದರೆ ಅಂಗಡಿಯದ್ದಕ್ಕಿಂತ ಒಳ್ಳೆ ಮಾಲು ಸಿಗುತ್ತದೆ. ಬೇಳೆಯನ್ನು ಕುದಿನೀರಿಗೆ ಒಂದು ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಬದಲಿಸಿ, ಬಸಿದು ಬಟ್ಟೆಯ ಮೇಲೆ ಹರಡಿ. ತೇವ ಆರಿದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಫ್ರೀಜರ್‌ನಲ್ಲಿಡಿ. ಎರಡು ಮೂರು ಗಂಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗುತ್ತದೆ. ಆಗ ಒಂದು ಹೊತ್ತಿನ ಅಳತೆಗೆ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು ಕಟ್ಟಿ. ಗಾಳಿ ಉಳಿದರೆ ಕಾಳು ಒಣಗಿ ಬೆಳ್ಳಗಾಗುತ್ತದೆ. ಬಟಾಣಿಗೂ ಇದೇ ಕ್ರಮ, ಕುದಿನೀರಲ್ಲಿ ಒಂದೂವರೆ ಎರಡು ನಿಮಿಷ.

ಮೇಲಿನ ಸಾರಿನ ಮಸಾಲೆಯನ್ನೂ ಎರಡು ಪಟ್ಟು ರುಬ್ಬಿ, ಅರ್ಧವನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಕೊಳ್ಳಬಹುದು. ಗಟ್ಟಿಯಾದ ಮೇಲೆ ತುಂಡುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಪಕ್ಕದ ಐಸ್‌ಕ್ರೀಂಗೆ ಬೆಳ್ಳುಳ್ಳಿ ವಾಸನೆ ಹಿಡಿಯುತ್ತದೆ. ಡಬ್ಬಿಯ ಮೇಲೆ ತಿಂಗಳು ಬರೆದು ಅಂಟಿಸಿ. ಮೈನಸ್ 18 ಸಿಗುವ ಫ್ರೀಜರ್ ಆದರೆ ಕಾಳನ್ನು ಯುಗಾದಿಯ ಹೊತ್ತಿಗೆ, ಮಸಾಲೆಯನ್ನು ತಿಂಗಳೊಳಗೆ ಮುಗಿಸಿ; ಪುಟ್ಟ ಗೂಡಿಗೆ ಮೇಲೆ ಹೇಳಿದ ಒಂದೆರಡು ವಾರದ ಲೆಕ್ಕವೇ.