ಕ್ಯಾಲಿಪರ್ ಇಡುವ ಮುನ್ನ ಒಂದು ಫ್ರೇಮ್

ಸ್ತನದ ಗಂಟಿನ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿಗೆ, ಅದು ಕ್ಯಾನ್ಸರೋ ಅಲ್ಲವೋ ಅಂದಾಜಿಸುವ ಎಐ ಕೂಡಿಸುವುದು ವಿಜಯಪುರದಲ್ಲಿ ಆಗುವ ಮಾತಲ್ಲ, ದೊಡ್ಡ ಸರ್ವರ್ ಬೇಕು, ಲಕ್ಷಗಟ್ಟಲೆ ಚಿತ್ರ ಬೇಕು ಅಂದವರೇ ಬಹಳ. 8 ಜಿಬಿ ಗ್ರಾಫಿಕ್ಸ್ ಕಾರ್ಡಿನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಸುಮಾರು 65 ಸಾವಿರ, ಸ್ಕ್ಯಾನ್ ಪರದೆಯ ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸುವ ಎಚ್‌ಡಿಎಂಐ ಕ್ಯಾಪ್ಚರ್ ಡಬ್ಬಿಗೆ ಒಂದೆರಡು ಸಾವಿರ; ಅಷ್ಟರಲ್ಲೇ ನಡೆದಿದೆ. ದುಡ್ಡು, ಹೊತ್ತು ಎರಡನ್ನೂ ನುಂಗಿದ್ದು ಯಾವ ಚಿತ್ರದ್ದು ಕ್ಯಾನ್ಸರ್, ಯಾವುದರದ್ದಲ್ಲ ಎಂದು ಗುರುತು ಹಾಕುವ ಕೆಲಸ. ಬಯಾಪ್ಸಿ ವರದಿ ಕೈಸೇರದ ನಮ್ಮ ಒಂದು ಚಿತ್ರವನ್ನೂ ತರಬೇತಿಗೆ ಸೇರಿಸಿಲ್ಲ.

ಕೈರೋದ ಬಹೇಯಾ ಆಸ್ಪತ್ರೆಯ 780 ಸ್ತನ ಅಲ್ಟ್ರಾಸೌಂಡ್ ಚಿತ್ರಗಳ ಬುಸಿ (BUSI) ಸಂಗ್ರಹ ಈ ಕೆಲಸದವರೆಲ್ಲ ಬಲ್ಲದ್ದೇ. ಅದರ ಮೇಲೆ ಕಲಿತ ರೆಸ್‌ನೆಟ್-18 ಎಂಬ ಚಿತ್ರ ಗುರುತಿಸುವ ಎಐ ಮಾದರಿ ಪರೀಕ್ಷೆಯಲ್ಲಿ ಶೇ. 90 ದಾಟಿತು, ನಮ್ಮ ಯಂತ್ರದ ಚಿತ್ರ ಕೊಟ್ಟೊಡನೆ ಮುಗ್ಗರಿಸಿತು. ಆ ಸಂಗ್ರಹದಲ್ಲಿ ಒಂದೇ ಗಂಟಿನ ಚಿತ್ರಗಳು ಮರುಕಳಿಸುತ್ತವೆ. ಅವನ್ನು ಹೆಕ್ಕದೆ ಹಂಚಿದರೆ ತರಬೇತಿಯಲ್ಲಿ ಕಂಡದ್ದೇ ಪರೀಕ್ಷೆಗೂ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಕ್ಯಾಲಿಪರ್, ಅಂದರೆ ಗಂಟನ್ನು ಅಳೆಯಲು ಚಿತ್ರದ ಮೇಲೆ ಇಡುವ ಗುರುತು. ಎಐ ಎಲ್ಲಿ ನೋಡಿ ತೀರ್ಮಾನಿಸಿತು ಎಂದು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ತೆಗೆದರೆ ಕೆಂಪೆಲ್ಲ ಅಳತೆಯ ಪ್ಲಸ್ (+) ಚಿಹ್ನೆಗಳ ಮೇಲೆ! ಅವನ್ನು ಅಳಿಸಿ, ಖಾಲಿ ಜಾಗವನ್ನು ಸುತ್ತಲಿನಂತೆ ತುಂಬಿ (ಇನ್‌ಪೇಂಟ್) ಕೊಟ್ಟಾಗ ತೇಪೆ ಹಚ್ಚಿದ ಜಾಗವನ್ನೇ ಹಿಡಿಯಿತು.

ಹಾಗಾಗಿ ನಮ್ಮ ಯಂತ್ರದಲ್ಲಿ ಚಿತ್ರ ಹಿಡಿಯುವ ಕ್ರಮವನ್ನೇ ಬದಲಿಸಿದ್ದು. ಫ್ರೀಜ್ ಒತ್ತಿದ ಕೂಡಲೇ, ಅಳತೆಗೆ ಮುಂಚೆ ಒಂದು ಫ್ರೇಮ್. ಮೈಮೇಲೆ ಇಡುವ ಪ್ರೋಬ್ 90 ಡಿಗ್ರಿ ತಿರುಗಿಸಿ ಇನ್ನೊಂದು. ಡೆಪ್ತ್ 4 ಸೆಂ.ಮೀ. ಆಸುಪಾಸು, ಫೋಕಸ್ ಗಂಟಿನ ಮಟ್ಟಕ್ಕೆ. ಹಲವು ಕೋನಗಳ ಚಿತ್ರವನ್ನು ಒಂದಾಗಿಸುವ ಕಾಂಪೌಂಡ್ ಇಮೇಜಿಂಗ್ ಹಾಕಿದರೆ ಅಂಚು ಚೆಂದ ಕಾಣುತ್ತದೆ, ಗಂಟಿನ ಹಿಂದಿನ ನೆರಳು ಮಾತ್ರ ತೆಳುವಾಗುತ್ತದೆ. ಅದಕ್ಕೇ ಹಾಕಿ ಒಂದು, ತೆಗೆದು ಒಂದು. ಗೇನ್ (ಚಿತ್ರದ ಹೊಳಪು) ಏರುಪೇರನ್ನು ಸರಿದೂಗಿಸುವ ಲೆಕ್ಕವೊಂದಿದೆ, ಅದು ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ.

ಎಐ ಕೊಡುವ ಅಂಕ ಎಷ್ಟಾದರೆ ಎಚ್ಚರಿಸಬೇಕು ಎಂಬ ಮಿತಿಯನ್ನು 0.5ರಿಂದ 0.2ರ ಹತ್ತಿರಕ್ಕೆ ಇಳಿಸಿದ ಮೇಲೆ ಸುಳ್ಳು ಎಚ್ಚರಿಕೆ ಹೆಚ್ಚಿತು, ಕ್ಯಾನ್ಸರ್ ಜಾರಿಹೋಗುವುದು ಕಡಿಮೆಯಾಯಿತು. ಎಐಯ ನಿಜವಾದ ಉಪಯೋಗ ಬೈರಾಡ್ಸ್ (ಕ್ಯಾನ್ಸರ್ ಶಂಕೆಯ ದರ್ಜೆ) 3 ಮತ್ತು 4ಎ ನಡುವಿನ ತಾಕಲಾಟದಲ್ಲಿ, ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ರ ಗೆರೆಯ ಆಚೀಚೆ ಇದ್ದಾಗ. ದರ್ಜೆ 5 ಎಂದು ಕಂಡ ಗಂಟಿಗೆ ಎಐಯನ್ನು ಕೇಳುವುದೇನಿದೆ, ಸೂಜಿಯಿಂದ ತುಣುಕು ತೆಗೆದು ನೋಡುವ ಕೋರ್ ಬಯಾಪ್ಸಿ ಮಾಡಲೇಬೇಕು. ಇವತ್ತಿಗೂ ಎಐಯನ್ನು ಸತಾಯಿಸುವವು ಎರಡು: ಹಾಲೂಡಿಸುವವರ ಕೀವುಗಂಟು, ಮತ್ತು ನುಣುಪು ಅಂಚಿನಿಂದ ಫೈಬ್ರೋಅಡಿನೋಮಾದ (ಕ್ಯಾನ್ಸರ್ ಅಲ್ಲದ ಗಂಟು) ವೇಷ ಹಾಕುವ ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಕ್ಯಾನ್ಸರ್ ಗಡ್ಡೆ. ಹೀಗಾಗಿ ವರದಿಗೆ ಸಹಿ ರೇಡಿಯಾಲಜಿಸ್ಟರದ್ದೇ.

ಮಾನಿಟರಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸುವ ಪ್ರಯೋಗವೂ ಆಯಿತು; ಪರದೆಯ ಅಲೆಗೆರೆಗಳು ಅಂಚನ್ನೇ ಕೆಡಿಸಿದವು. ಇಂಡಿ, ಸಿಂದಗಿ ಕ್ಯಾಂಪುಗಳಿಗೆ ಯಂತ್ರವನ್ನೇ ಒಯ್ಯೋಣವೆಂದರೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಜಾಗಕ್ಕೆ ಕಟ್ಟಿದ್ದು. ಮೇಲ್ಮೈ ಹತ್ತಿರದ ಭಾಗಗಳನ್ನು ನೋಡುವ ಲೀನಿಯರ್ ಪ್ರೋಬ್ ಒಂದೇ ಇದೆ ಅಂದರೂ ಹೊರಗೆ ಬಿಡುವುದಿಲ್ಲ.