ಮುಟ್ಟಿದ ಮ್ಯಾಲ ಫೋನ್ ಹಚ್ಚು
ನಮ್ಮ ಬ್ಯಾಂಡಿನ ಈ ಹಾಡು ಕೇಳಿದ ಬೆಂಗಳೂರು, ಮೈಸೂರು ಕಡೆಯವರು ಮೊದಲು ಕೇಳುವುದು ಒಂದೇ: "ಏನನ್ನ ಮುಟ್ಟಿದ ಮೇಲೆ?" ನಮ್ಮ ಹಾವೇರಿ ಕಡೆ ಮುಟ್ಟುವುದು ಅಂದರೆ ತಲುಪುವುದು. ಫೋನ್ ಹಚ್ಚುವುದು ಅಂದರೆ ಫೋನ್ ಮಾಡುವುದು. ಊರು ಬಿಡುವ ಯಾರಿಗಾದರೂ ನಮ್ಮಲ್ಲಿ ಹೇಳುವ ಮಾತು ಇದು. 2012ರಲ್ಲಿ ಇಂಜಿನಿಯರಿಂಗ್ ಸೇರಲು ರಾಣಿ ಚೆನ್ನಮ್ಮ ರೈಲು ಹತ್ತಿದಾಗ ಅಪ್ಪ ನನಗೂ ಇಷ್ಟೇ ಹೇಳಿದ.

ಆದರೆ ಹಾಡು ಅಲ್ಲಿಂದ ಶುರುವಾಗಲಿಲ್ಲ. 2014ರಲ್ಲಿ ಹಾಸ್ಟೆಲ್ ರೂಮಿನಲ್ಲಿ ಕೂತು ಬರೆದಿದ್ದು ಪೂರ್ತಿ ಸಿಟ್ಟು. ನನ್ನ ದಾರಿ ನನಗೆ ಬಿಡಿ ಅನ್ನೋ ಥರದ್ದು. ನಾಲ್ಕು ಏಟಿನ ತಾಳ, ಗಿಟಾರಿನ ನಾದವನ್ನು ಒರಟಾಗಿಸುವ ಜೋರು ಡಿಸ್ಟಾರ್ಷನ್, ಕಿರುಚಾಟ. ಚಪ್ಪಾಳೆ ಬಿತ್ತು. ಆದರೆ ಅಪ್ಪ ನನ್ನನ್ನು ಯಾವತ್ತು ತಡೆದಿದ್ದ? ರಾಕ್ ಅಂದ ಮೇಲೆ ಸಿಟ್ಟು ಇರಲೇಬೇಕು ಅಂದುಕೊಂಡು ಯಾರದೋ ಸಿಟ್ಟನ್ನು ತಂದು ಹಾಡಿದ್ದೆ. ನನ್ನೊಳಗೆ ನಿಜವಾಗಿ ಇದ್ದದ್ದು ನಾಚಿಕೆ. ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಕಿಟಕಿ ಸರಳು ಹಿಡಿದುಕೊಂಡು ಅದೇ ಮಾತನ್ನು ಜೋರಾಗಿ ಮತ್ತೆ ಮತ್ತೆ ಹೇಳುತ್ತಿದ್ದ, ಎದುರು ಸೀಟಿನಲ್ಲಿ ಇಂಗ್ಲಿಷ್ ಮಾತಾಡುವ ಇಬ್ಬರು ಹುಡುಗರು ಕೂತಿದ್ದರು, ಅವರಿಗೆ ಕೇಳಿಸುತ್ತಲ್ಲಾ ಅಂತ ನಾನು "ಆತಾತು, ನೀ ಹೋಗಿನ್ನ" ಅಂದುಬಿಟ್ಟೆ. ಬೆಂಗಳೂರಿಗೆ ಬಂದಿಳಿದು ಸಂಜೆಯವರೆಗೆ ಫೋನೂ ಮಾಡಲಿಲ್ಲ. ಅಪ್ಪ ಎಷ್ಟೋ ವರ್ಷ ಆ ಮಾತು ಎತ್ತಲಿಲ್ಲ. ಇದನ್ನು ಹಾಡಿನಲ್ಲಿ ಹೇಳಲು ನನಗೆ ಐದು ವರ್ಷ ಬೇಕಾಯಿತು.

2017ರಲ್ಲಿ ಹಳೆಯದನ್ನು ಬಿಟ್ಟು ಹೊಸದಾಗಿ ಕೂತೆ. ಪಲ್ಲವಿಯಲ್ಲಿ ಮೊದಲು "ತಲುಪಿದ ಮೇಲೆ" ಅಂತಲೇ ಇಟ್ಟಿದ್ದೆ, ಎಲ್ಲರಿಗೂ ಅರ್ಥವಾಗಲಿ ಅಂತ. ಹಾಡಿದರೆ ಅಪ್ಪ ಕಾಣಲಿಲ್ಲ. "ಮುಟ್ಟಿದ ಮ್ಯಾಲ" ಅಂದ ತಕ್ಷಣ ಕಂಡ. ಶಿಶುನಾಳ ನಮ್ಮ ಜಿಲ್ಲೆಯದೇ ಊರು, ಷರೀಫರ ತತ್ವಪದಗಳನ್ನು ಭಜನೆಯಲ್ಲಿ ಕೇಳುತ್ತಲೇ ಬೆಳೆದವನು ನಾನು. ಆ ಪದಗಳ ಬಲ ಇರೋದು ಆಡುವ ಮಾತಿನಲ್ಲೇ ಅಲ್ವಾ? ಮೈಸೂರಿನ ನಮ್ಮ ಬೇಸ್ ಗಿಟಾರ್ ಹುಡುಗನಿಗೆ ಅದು ಕೈಯಿಂದ ಮುಟ್ಟಿದ ಹಾಗೇ ಕೇಳಿಸಿತು. ಕೇಳಿಸಲಿ ಬಿಡು ಅಂದೆ. ಕಿಟಕಿಯ ಆಚೆ ಇದ್ದ ಆ ಕೈಯನ್ನು ಅವತ್ತು ನಾನು ಮುಟ್ಟಿರಲಿಲ್ಲ.

ತಾಳವನ್ನು ಈ ಸಾಲೇ ಕೊಟ್ಟಿತು. ನಮ್ಮವರು ಅಂದ ಹಾಗೆ ಅಂದು ಮಾತ್ರೆ ಎಣಿಸಿ ನೋಡಿ: ಮುಟ್ಟಿದ್ ನಾಲ್ಕು, ಮ್ಯಾಲ ಮೂರು, ಫೋನ್ ಹಚ್ಚು ಐದು. ಒಟ್ಟು 12. ನಾಲ್ಕರ ತಾಳಕ್ಕೆ ಎಷ್ಟು ಎಳೆದರೂ ಕೂರದ ಸಾಲು ಆರರ ಎರಡು ಸುತ್ತಿಗೆ ಸರಿಯಾಗಿ ಕೂತಿತು. ಒಂದೇ ತೊಡಕು, "ಮ್ಯಾಲ"ದ ಲ ಎರಡನೇ ಸುತ್ತಿನ ಮೊದಲ ಏಟಿಗೆ ಬೀಳುತ್ತೆ. ಅಷ್ಟು ಸಣ್ಣ ಅಕ್ಷರದ ಮೇಲೆ ಡ್ರಮ್ ಬಿದ್ದರೆ ಮಾತು ಸಾಯುತ್ತೆ. ನಮ್ಮ ಡ್ರಮ್ಮರ್ ಆ ಏಟನ್ನೇ ಕೈಬಿಟ್ಟ. ಒಂದು ಮಾತ್ರೆ ತಡವಾಗಿ, "ಫೋನ್" ಜೊತೆ ಎಲ್ಲರೂ ಒಟ್ಟಿಗೆ ಬೀಳುತ್ತೇವೆ. ಈಗ ಜನ ಎದ್ದು ನಿಲ್ಲೋದು ಅಲ್ಲೇ.

ಚರಣದಲ್ಲಿ ಪ್ರಾಸ ಜಾಸ್ತಿ ಕಾಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಹಾಗಾಗಿ ಸಾಲಿನ ಕೊನೆಯ ಪ್ರಾಸ ಸುಮ್ನೆ ಸಿಕ್ಕಿಬಿಡುತ್ತೆ, ಬಂದೆನು, ನಿಂದೆನು ಅಂತ. ಸುಲಭವಾಗಿ ಸಿಕ್ಕಿದ್ದು ಸಪ್ಪೆ. ಆಗ ಶಾಲೆಯಲ್ಲಿ ಕಲಿತ ಆದಿಪ್ರಾಸ ನೆನಪಾಯಿತು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು:

ಬುತ್ತಿ ಗಂಟು ಕಾಲಾಗ
ಕತ್ತಲಾಗ ಸ್ಟೇಷನ್ನು
ಎತ್ತಿ ಕೊಟ್ಟ ಕೈ ಮಾತ್ರ
ಹತ್ತೇ ಐತಿ ಕಿಟಕಿಗೆ

ಪ್ರಾಸ ಸಾಲಿನ ಆರಂಭದಲ್ಲೇ ಬರೋದರಿಂದ ಡ್ರಮ್ಮಿನ ಏಟೂ "ತ್ತ"ದ ಒತ್ತೂ ಕೂಡಿ ಬರುತ್ತವೆ. ರಾಕ್‌ಗೆ ಇದಕ್ಕಿಂತ ಒಳ್ಳೆಯ ಛಂದಸ್ಸು ನನಗಂತೂ ಸಿಕ್ಕಿಲ್ಲ.

ಗಿಟಾರ್ ಪೂರ್ತಿ ಪವರ್ ಕಾರ್ಡ್. ಅಂದರೆ ಒಟ್ಟಿಗೆ ನುಡಿಸೋದು ಷಡ್ಜ (ಸ), ಪಂಚಮ (ಪ) ಎರಡೇ ಸ್ವರ, ತಂಬೂರಿ ಥರ. ಡಿಸ್ಟಾರ್ಷನ್ ಜಾಸ್ತಿ ಇಟ್ಟು ಗಾಂಧಾರ (ಗ) ಸೇರಿಸಿದರೆ ನಾದ ಕಲಸಿಹೋಗುತ್ತೆ, ಅದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಮುಖ್ಯ: ಕಾರ್ಡು ಮೇಜರೋ ಮೈನರೋ, ಅಂದರೆ ಸಾಮಾನ್ಯವಾಗಿ ಖುಷಿಯಾಗಿ ಕೇಳಿಸುತ್ತೋ ದುಃಖವಾಗಿ ಕೇಳಿಸುತ್ತೋ ಅಂತ ಹೇಳೋದು ಗಾಂಧಾರ. ಹಾಡಿನ ಹುಡುಗನಿಗೆ ಊರು ಬಿಟ್ಟಿದ್ದು ಖುಷಿಯೋ ದುಃಖವೋ ಗೊತ್ತಿಲ್ಲ, ಗಿಟಾರೂ ಹೇಳಬಾರದು.

ರೆಕಾರ್ಡಿಂಗ್ ಮಾಡಿದ್ದು ಬಾಡಿಗೆ ರೂಮಿನಲ್ಲಿ, ಆಟೋ ಸದ್ದು ನಿಂತ ಮೇಲೆ, ರಾತ್ರಿ ಒಂದು ಗಂಟೆಗೆ, ಗೋಡೆಗೆ ಹಾಸಿಗೆ ಒರಗಿಸಿ. ಗಿಟಾರನ್ನು ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಸಲ ನುಡಿಸಿದೆ. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಹರವು ಬರಲ್ಲ, ಎರಡು ಸಲದ ಸಣ್ಣ ವ್ಯತ್ಯಾಸದಿಂದಲೇ ಅದು ಬರೋದು.

ಹಾಡು ಪಲ್ಲವಿಯಲ್ಲೇ ಮುಗಿಯುತ್ತಿತ್ತು. ಕಚ್ಚಾ ಮಿಕ್ಸ್ ಫೋನಿನಲ್ಲಿ ಹಾಕಿಕೊಂಡು ಊರಿಗೆ ಹೋದೆ, ಅಪ್ಪನಿಗೆ ಕೇಳಿಸಿದೆ. ಗಿಟಾರ್ ಬಗ್ಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತ ಸಂಜಿತನಕ ನೀ ಫೋನ್ ಹಚ್ಚಲಿಲ್ಲಲೋ" ಅಂದ.

ವಾಪಸ್ ಬಂದು ಹಾಸಿಗೆಯನ್ನು ಮತ್ತೆ ಗೋಡೆಗೆ ಒರಗಿಸಿದೆ. ಕೊನೆಗೆ, ಎಲ್ಲ ವಾದ್ಯ ನಿಂತ ಮೇಲೆ, ಒಂದೇ ಪದ ಸೇರಿಸಿದೆ. "ಮುಟ್ಟೀನಿ." ಇಡೀ ಹಾಡಿನಲ್ಲಿ ಗಾಂಧಾರ ಬರೋದು ಆ ಪದದ ಮೇಲೆ ಮಾತ್ರ.