ಹೆಬ್ಬಾವಿನ ಮೈಯಿಂದ ನುಸಿ ಬಿಡಿಸಿದ್ದು ಹೀಗೆ

ಹಾವು ನೀರಿನ ಬಟ್ಟಲು ಬಿಟ್ಟು ಹೊರಗೇ ಬರುತ್ತಿಲ್ಲ ಅಂದರೆ ನಾನು ಮೊದಲು ಬಟ್ಟಲಿನ ತಳ ನೋಡುತ್ತೇನೆ. ಗಸಗಸೆ ಕಾಳಿನಷ್ಟು ಚಿಕ್ಕ ಕಪ್ಪು ಚುಕ್ಕೆಗಳು ಮುಳುಗಿ ಬಿದ್ದಿದ್ದರೆ ಅದು ಹಾವಿನ ನುಸಿ, ಅಂದರೆ ಹಾವಿನ ಮೈಗೆ ಅಂಟಿ ರಕ್ತ ಕುಡಿಯುವ ಪುಟ್ಟ ಜೀವಿ. ಕಚ್ಚಿಸಿಕೊಂಡು ಸಾಕಾಗಿ ಹಾವು ನೀರಿಗೆ ಇಳಿದಿರುತ್ತದೆ.

ನಾವಿರುವುದು ಅಮೆರಿಕದ ಒಹಾಯೋ ರಾಜ್ಯದಲ್ಲಿ. ಮನೆಯಲ್ಲಿ ಬಾಲ್ ಪೈಥಾನ್ ಇದೆ. ಪಶ್ಚಿಮ ಆಫ್ರಿಕಾ ಕಡೆಯ ಸಾಧು ಹೆಬ್ಬಾವು ಅದು, ಹೆದರಿದರೆ ಮೈ ಸುತ್ತಿ ಉಂಡೆಯಾಗಿಬಿಡುತ್ತದೆ. ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ನಮ್ಮ ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಬೇರೆಯವರು ಸಾಕಲಾಗದೆ ಬಿಟ್ಟುಕೊಟ್ಟ ಇನ್ನೊಂದು ಹಾವನ್ನು ನಾವು ಇಟ್ಟುಕೊಂಡೆವು. ನುಸಿ ಅದರ ಜೊತೆಗೇ ಬಂದಿತ್ತು. ಗದ್ದದ ಕೆಳಗಿನ ಗೆರೆ, ಕಣ್ಣಿನ ಸುತ್ತಲಿನ ಸಂದು, ತುಟಿಯ ಮೇಲೆ ಶಾಖ ಗುರುತಿಸುವ ಕುಳಿಗಳು, ಎಲ್ಲ ಕಡೆ ಕೂತಿದ್ದವು. ಹುರುಪೆಗಳ ಮೇಲೆ ಉದುರಿದ್ದ ಬಿಳಿ ಪುಡಿ ಅವುಗಳ ಹಿಕ್ಕೆ. ಒದ್ದೆ ಮಾಡಿದ ಬಿಳಿ ಟಿಶ್ಯೂ ಹಿಡಿದು, ಹಾವನ್ನು ಅದರ ನಡುವೆ ಮೆಲ್ಲಗೆ ಜಾರಲು ಬಿಟ್ಟೆ. ಅಂಟಿದ ಚುಕ್ಕೆಯನ್ನು ಉಗುರಿನಿಂದ ಒತ್ತಿದರೆ ರಕ್ತದ ಗೆರೆ ಮೂಡಿತು. ಗೂಡಿನ ತಳಕ್ಕೆ ಹಾಕಿದ ಮರದ ತೊಗಟೆಯ ಹಾಸಿನಲ್ಲಿ ಓಡಾಡುವ ತೆಳು ಬಣ್ಣದ ನುಸಿಗಳೂ ಇರುತ್ತವೆ. ಅವು ಬೂಷ್ಟು ತಿಂದು ಬದುಕುವಂಥವು, ಹಾವಿನ ತಂಟೆಗೆ ಬರುವುದಿಲ್ಲ.

ಔಷಧಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಈ ಜೀವಿ ಎಲ್ಲಿರುತ್ತದೆ ಅಂತ ತಿಳಿಯಬೇಕು. ಒಫಿಯೊನಿಸಸ್ ನ್ಯಾಟ್ರಿಸಿಸ್ ಅಂತ ಇದರ ಹೆಸರು. ಜೋಸೆಫ್ ಕ್ಯಾಮಿನ್ ಅನ್ನುವವರು 1953ರಲ್ಲೇ ಇದರ ಬದುಕನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಮೊಟ್ಟೆ ಇಡುವುದು ಹಾವಿನ ಮೇಲಲ್ಲ. ರಕ್ತ ಕುಡಿದ ಹೆಣ್ಣು ಕೆಳಗಿಳಿದು, ಗೂಡಿನ ಕತ್ತಲ, ತೇವದ ಸಂದು ಹುಡುಕಿಕೊಂಡು ಹೋಗುತ್ತದೆ. ಬದುಕಿರುವಷ್ಟರಲ್ಲಿ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿ ಏನೂ ತಿನ್ನುವುದಿಲ್ಲ. ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬಂದ ಮೇಲೆ ಹಾವನ್ನು ಹತ್ತಿ ರಕ್ತ ಕುಡಿಯುತ್ತದೆ, ಮತ್ತೆ ಇಳಿದು ಅಡಗಿಕೊಳ್ಳುತ್ತದೆ. ಬೆಚ್ಚಗಿನ ಗೂಡಿನಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಎರಡು ವಾರ, ಹೆಚ್ಚೆಂದರೆ ಮೂರು ವಾರ ಸಾಕು. ಅಂದರೆ ಹಾವಿನ ಮೈ ಎಷ್ಟೇ ತೊಳೆದರೂ ಮುಂದಿನ ಪೀಳಿಗೆ ಗೂಡಿನಲ್ಲಿ ಕಾಯುತ್ತಾ ಇರುತ್ತದೆ, ಅಲ್ವಾ?

ಹಾಗಾಗಿ ನನ್ನ ಜಾಸ್ತಿ ಶ್ರಮ ಹೋಗಿದ್ದು ಗೂಡಿಗೆ. ತೊಗಟೆ ಹಾಸನ್ನೆಲ್ಲ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅದೇ ದಿನ ಮನೆಯಿಂದ ಹೊರಗೆ ಹಾಕಿದೆ. ಮರದ ತುಂಡುಗಳನ್ನೂ ಉಳಿಸಿಕೊಳ್ಳಲಿಲ್ಲ, ಅದರ ಬಿರುಕುಗಳನ್ನು ಶುಚಿ ಮಾಡುತ್ತೇನೆ ಅನ್ನುವುದು ಸುಮ್ನೆ ಮಾತು. ಗೂಡನ್ನು ಸೋಪು, ಬಿಸಿನೀರಿನಲ್ಲಿ ಉಜ್ಜಿದೆ. ಮುಚ್ಚಳದ ಅಂಚು, ಮೇಲಿನ ಮೂಲೆಗಳನ್ನು ಬಿಡಲಿಲ್ಲ, ಯಾಕೆಂದರೆ ನುಸಿ ಮೇಲಕ್ಕೆ ಹತ್ತುತ್ತದೆ. ನೆಲಕ್ಕೆ ಬಿಳಿ ಪೇಪರ್ ಟವೆಲ್, ಅಡಗಲು ರಟ್ಟಿನ ಡಬ್ಬಿ. ಎರಡನ್ನೂ ಮತ್ತೆ ಮತ್ತೆ ಬಿಸಾಡಿ ಹೊಸದು ಇಟ್ಟೆ.

ಹಾವಿಗೆ ಸರೀಸೃಪಗಳನ್ನು ನೋಡುವ ಪಶುವೈದ್ಯರು ಫಿಪ್ರೊನಿಲ್ ಅನ್ನುವ ನುಸಿ ಕೊಲ್ಲುವ ಔಷಧಿ ಹೇಳಿದರು. ಅದನ್ನು ನೇರವಾಗಿ ಸಿಂಪಡಿಸಲಿಲ್ಲ. ಬಟ್ಟೆಗೆ ಹಾಕಿಕೊಂಡು ಮೈ ಒರೆಸಿದೆ, ಕಣ್ಣು, ಬಾಯಿಗೆ ತಾಗದ ಹಾಗೆ. ಪ್ರಮಾಣ, ಅಂತರ ಎರಡೂ ವೈದ್ಯರೇ ಹೇಳಬೇಕು, ಹಾವಿನ ತೂಕ, ಆರೋಗ್ಯ ನೋಡಿ. ಮನೆಯಲ್ಲಿ ಆಮೆ ಇದ್ದರೆ ಐವರ್ಮೆಕ್ಟಿನ್ ಅನ್ನುವ ಇನ್ನೊಂದು ಔಷಧಿಯ ಹತ್ತಿರ ಸುಳಿಯಬಾರದು, ಅದು ಆಮೆಗಳನ್ನು ಕೊಲ್ಲುತ್ತದೆ. ಗೂಡಿಗೆ ಹೊಡೆಯುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಎಣ್ಣೆ ಹಚ್ಚಿ ಅಂದವರೂ ಇದ್ದಾರೆ. ಎಣ್ಣೆ ತಾಗಿದ ನುಸಿ ಉಸಿರುಗಟ್ಟಿ ಸಾಯಬಹುದು, ಆದರೆ ಸಂದಿನಲ್ಲಿರುವ ಮೊಟ್ಟೆಗೆ ಏನೂ ಆಗುವುದಿಲ್ಲ.

ಕೆಲವು ದಿನಗಳಲ್ಲಿ ಬಟ್ಟಲಿನ ನೀರು ತಿಳಿಯಾಯಿತು. ಇಲ್ಲಿ ಬಹಳ ಜನ ಕೈಬಿಡುತ್ತಾರೆ. ನಾನು ಚುಕ್ಕೆ ಕಾಣಿಸದಿದ್ದರೂ ನುಸಿಯ ಎರಡು ಪೂರ್ತಿ ಜೀವನಚಕ್ರ ಮುಗಿಯುವಷ್ಟು ಕಾಲ ಅದೇ ಕ್ರಮ ಮುಂದುವರಿಸಿದೆ. ರಕ್ತ ಕಳೆದುಕೊಂಡ ಹಾವು ಸೊರಗುತ್ತದೆ, ಊಟ ಬಿಡುತ್ತದೆ, ಪೊರೆ ತುಂಡು ತುಂಡಾಗಿ ಬರುತ್ತದೆ. ನಮ್ಮದು ಪೊರೆಯನ್ನು ಒಂದೇ ತುಂಡಾಗಿ ಬಿಟ್ಟ ದಿನ ನನಗೆ ನಿಜಕ್ಕೂ ಸಮಾಧಾನವಾಯಿತು.

ಈಗ ಯಾವ ಹಾವು ಬಂದರೂ ಬೇರೆ ಕೋಣೆಯಲ್ಲಿ, ಬಿಳಿ ಪೇಪರ್ ಮೇಲೆ, ಎರಡು ಮೂರು ತಿಂಗಳು ಇರಬೇಕು. ಮೊದಲು ಹಳೆಯ ಹಾವಿನ ಕೆಲಸ, ಕೊನೆಗೆ ಹೊಸದರದ್ದು, ಆಮೇಲೆ ಕೈ ತೊಳೆದು ಬಟ್ಟೆ ಬದಲಿಸುತ್ತೇನೆ. ಇಕ್ಕಳ, ಬಟ್ಟಲು ಕೂಡ ಆ ಕೋಣೆಯದ್ದು ಆ ಕೋಣೆಗೇ.